ತಲೆಗೆ ರೇಡಿಯೇಷನ್ ಆಗಿದ್ದರೆ ಹಳೇ ಫೈಲ್ ಎಸೆಯಬೇಡಿ

ತಲೆಗೆ ‘ಕರೆಂಟ್’, ಅಂದರೆ ರೇಡಿಯೇಷನ್ (ವಿಕಿರಣ) ಕೊಟ್ಟು ಗಡ್ಡೆ ವಾಸಿಯಾದವರು ಹತ್ತು-ಹದಿನೈದು ವರ್ಷ ಆರಾಮಾಗಿದ್ದು, ಆಮೇಲೆ ಮಾತು ತೊದಲಿಯೋ ಕೈ ಸೋತೋ ಮಂಗಳೂರು, ಮಣಿಪಾಲದ ಆಸ್ಪತ್ರೆಗೆ ಬರುವುದುಂಟು. ಬಿಪಿ, ಶುಗರ್ ಬಗ್ಗೆ ಹೇಳುತ್ತಾರೆ. ರೇಡಿಯೇಷನ್ ಮಾತೇ ಬರುವುದಿಲ್ಲ. ಅದನ್ನೇ ಮೊದಲು ಹೇಳಬೇಕು.

ವಿಕಿರಣದಿಂದ ರಕ್ತನಾಳದ ಒಳಪದರಕ್ಕೆ ಘಾಸಿಯಾಗುತ್ತದೆ. ಗೋಡೆ ವರ್ಷಗಟ್ಟಲೆ ದಪ್ಪವಾಗುತ್ತ, ಗಡುಸಾಗುತ್ತ ಹೋಗಿ ರಕ್ತದ ದಾರಿ ಕಿರಿದಾಗುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅಥವಾ ಕಣ್ಣಿನ ನರದ ಗಡ್ಡೆಗೆ ಕೊಟ್ಟಿದ್ದರೆ ಅಪಾಯ ಹೆಚ್ಚು, ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳಗಳು ಅದರ ಮಗ್ಗುಲಲ್ಲೇ ಇವೆ. ಎಳೆಯ ಮಕ್ಕಳಲ್ಲಿ, ಅದರಲ್ಲೂ ನ್ಯೂರೋಫೈಬ್ರೊಮಾಟೋಸಿಸ್ 1 ಎಂಬ, ನರಗಳಲ್ಲಿ ಗಡ್ಡೆ ಬರಿಸುವ ವಂಶವಾಹಿ ಕಾಯಿಲೆ ಇದ್ದವರಲ್ಲಿ, ಈ ನಾಳಗಳು ಮುಚ್ಚುತ್ತ ಬಂದು ಸುತ್ತ ಎಳೆಎಳೆ ನಾಳಗಳು ಹುಟ್ಟಬಹುದು. ಇದೇ ಮೊಯಮೊಯ. ಇಂಥ ಮಗು ಜೋರಾಗಿ ಅತ್ತಾಗ, ಬಿಸಿ ಗಂಜಿಯನ್ನು ಊದಿ ಊದಿ ಉಣ್ಣುವಾಗ ಒಂದು ಕೈ ಸೋತು ಕೆಲವೇ ನಿಮಿಷದಲ್ಲಿ ಸರಿಹೋಗಬಹುದು. ಉಸಿರು ಜೋರಾದಾಗ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದು ನಾಳಗಳು ಇನ್ನೂ ಬಿಗಿಯುತ್ತವೆ. ‘ಸರಿಯಾಯ್ತಲ್ಲ’ ಎಂದು ದಯವಿಟ್ಟು ಬಿಡಬೇಡಿ. ಏಪ್ರಿಲ್-ಮೇ ಸೆಕೆಯಲ್ಲಿ ಬೆವರಿ ಮೈಯ ನೀರು ಇಳಿದರೂ ಇದೇ ತೊಂದರೆ, ನೀರು ಕುಡಿಸುತ್ತಿರಿ.

ರೇಡಿಯೇಷನ್‌ನಿಂದ ಆಗಬಹುದಾದ ಇನ್ನೊಂದು ತೊಂದರೆ ಕ್ಯಾವರ್ನೋಮಾ: ಸಣ್ಣ ನಾಳಗಳ ಗೊಂಚಲು, ಒಳಗೇ ರಕ್ತ ಒಸರುತ್ತದೆ. ಫಿಟ್ಸ್ ಬರಬಹುದು, ಏನೂ ಆಗದೆಯೂ ಇರಬಹುದು. ಹಾಗಾಗಿ ಎಂಆರ್‌ಐ ಬರೆಸುವಾಗ ನಾಳ ತೋರಿಸುವ ಎಂಆರ್‌ಎ, ಹಳೇ ರಕ್ತದ ಕಲೆ ತೋರಿಸುವ ಎಸ್‌ಡಬ್ಲ್ಯುಐ ಎರಡೂ ಇವೆಯೇ ಎಂದು ಕೇಳಿ. ಕಿರಿದಾದ ನಾಳದಲ್ಲಿ ರಕ್ತ ಗಂಟಾಗದಂತೆ ಆಸ್ಪಿರಿನ್ ಕೊಡುವುದಿದೆ. ಗೊಂಚಲಿದ್ದರೆ ಅದೇ ಮಾತ್ರೆಯನ್ನು ಅಳೆದು ತೂಗಿ ಕೊಡಬೇಕಾಗುತ್ತದೆ.

ಡಿಸ್ಚಾರ್ಜ್ ಸಮರಿ ಸಾಲದು. ರೇಡಿಯೇಷನ್ ವಿಭಾಗದಿಂದಲೇ ಒಟ್ಟು ಡೋಸ್, ಸಿಟ್ಟಿಂಗ್ ಎಷ್ಟು, ಯಾವ ಭಾಗಕ್ಕೆ, ಯಾವ ತಾರೀಕು ಎಂದು ಬರೆಸಿಕೊಳ್ಳಿ. ‘54 ಗ್ರೇ, 30 ಸಿಟ್ಟಿಂಗ್’ ಎಂಬಂತೆ (ಗ್ರೇ ಎಂದರೆ ಡೋಸಿನ ಅಳತೆ). ನಮ್ಮ ಮಳೆಗಾಲಕ್ಕೆ ಕಾಗದ ಬೂಷ್ಟು ಹಿಡಿಯುತ್ತದೆ, ಮೊಬೈಲಿನಲ್ಲೂ ಫೋಟೋ ಇರಲಿ.

ಬಾಯಿ, ಗಂಟಲಿನ ಕ್ಯಾನ್ಸರಿಗೆ ಕುತ್ತಿಗೆಗೆ ಕೊಟ್ಟಿದ್ದರೆ ಅಲ್ಲಿನ ಕೆರೋಟಿಡ್ ನಾಳವೂ ಕಿರಿದಾಗಬಹುದು, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ. ಹೊಗೆಸೊಪ್ಪು ಪೂರ್ತಿ ಬಿಡಲೇಬೇಕು. ಬಿಪಿ ಇದ್ದವರು ಗಂಜಿ ಜೊತೆಗಿನ ಉಪ್ಪಿನಕಾಯಿ, ಒಣಮೀನು ಕಡಿಮೆ ಮಾಡಿ. ಮೊಯಮೊಯ ಇದ್ದರೆ ಮಾತ್ರ ಬಿಪಿಯನ್ನು ತೀರಾ ಇಳಿಸುವಂತಿಲ್ಲ, ಮಾತ್ರೆಯನ್ನು ನೀವೇ ಏರಿಸಬೇಡಿ.

ಬಾಯಿ ಸೊಟ್ಟಗಾದರೆ, ಕೈ ಬಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ರಕ್ತದ ಗಂಟು ಕರಗಿಸುವ ಇಂಜೆಕ್ಷನ್‌ಗೆ ತೊಂದರೆ ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಬೈಂದೂರಿನಿಂದ ಮಣಿಪಾಲಕ್ಕೆ ಬರುವ ಹೊತ್ತೂ ಅದರಲ್ಲೇ ಸೇರಿದೆ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ, ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದಿಟ್ಟುಕೊಳ್ಳಿ.