ಆಕಳು ಎದ್ದಿತು

ಬೀದರಿನ ಪಶು ಚಿಕಿತ್ಸಾಲಯದಲ್ಲಿ ಇಂದು ವಿದ್ಯಾರ್ಥಿಯಾಗಿ ನನ್ನ ಪಾಳಿ. ಭಾಲ್ಕಿ ಕಡೆಯಿಂದ ಟೆಂಪೊದಲ್ಲಿ ಒಂದು ಮಿಶ್ರತಳಿ ಆಕಳನ್ನು ತಂದರು. ನಿನ್ನೆ ಕರು ಹಾಕಿದೆ, ಇಂದು ಏಳುತ್ತಿಲ್ಲ. ಕುತ್ತಿಗೆ ಪಕ್ಕೆಗೆ ಹೊರಳಿತ್ತು, ಕಿವಿ ಮುಟ್ಟಿದರೆ ತಣ್ಣಗೆ. ಹಾಲುಜ್ವರ. ಹೆಸರಿನಲ್ಲಷ್ಟೇ ಜ್ವರ, ಗಿಣ್ಣದ ಹಾಲಿಗೆ ಸುಣ್ಣದಂಶ ಇಳಿದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುತ್ತದೆ.

ಬಾಟಲಿ ಎತ್ತಿ ಹಿಡಿಯುವುದು ನನ್ನ ಕೆಲಸ. ಕ್ಯಾಲ್ಸಿಯಂ ಬೇಗ ಹರಿದರೆ ಹೃದಯವೇ ನಿಲ್ಲಬಹುದು. ವೈದ್ಯರು ಎದೆಬಡಿತ ಆಲಿಸುತ್ತಾ "ನಿಧಾನ, ಇನ್ನೂ ನಿಧಾನ" ಎನ್ನುತ್ತಿದ್ದರು. ಒಡತಿ ಅದರ ಗಂಗೆದೊಗಲು ಸವರುತ್ತಾ "ಉಳಿಯುತ್ತದೇನು ತಮ್ಮಾ?" ಎಂದರು. ಉತ್ತರ ಪುಸ್ತಕದಲ್ಲಿ ಓದಿದ್ದೆ, ಬಾಯಿಗೆ ಬರಲಿಲ್ಲ. ಒಂದು ಮನೆಯ ಅನ್ನ ನನ್ನ ಕೈಯ ಎತ್ತರಕ್ಕೆ ತೂಗಿದೆ ಎಂಬುದು ಆಗಲೇ ಹೊಳೆದದ್ದು.

ಬಾಟಲಿ ಮುಗಿಯುವ ಹೊತ್ತಿಗೆ ತೊಡೆಯ ಸ್ನಾಯು ಅದುರಿತು, ತೇಗು ಬಂತು, ಸಗಣಿ ಹಾಕಿತು. ಆಮೇಲೆ ಹಿಂಗಾಲು ಊರಿ, ತೂರಾಡಿ, ಎದ್ದೇ ಬಿಟ್ಟಿತು. ನನ್ನ ಕಣ್ಣು ತುಂಬಿತ್ತು.

"ಎರಡು ದಿನ ಹಾಲು ಪೂರ್ತಿ ಹಿಂಡಬೇಡಿ ಅವ್ವಾ" ಎಂದೆ. ಅವರು ನನ್ನ ತಲೆ ಸವರಿ ಟೆಂಪೊ ಹತ್ತಿದರು.