ಬೇಲಿ ಕಿತ್ತ ಮೇಲೆ ಬಂದ ಬುದ್ಧಿ

2016ರಲ್ಲಿ ನಾನೇ ಎದುರಿಗೆ ನಿಂತು, ಜೆಸಿಬಿ ಕರೆಸಿ, ನಮ್ಮ ಗದ್ದೆಯ ಪಡುವಣ ಬೇಲಿಯನ್ನು ಬುಡಸಮೇತ ಕೀಳಿಸಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಯಾರಾದರೂ ನನ್ನನ್ನು ಪರಿಸರವಾದಿ ಅಂದರೆ ಊರಿನಲ್ಲಿ ನಗುತ್ತಾರೆ.

ಪಾಂಡವಪುರ ತಾಲ್ಲೂಕಿನಲ್ಲಿ ನಮ್ಮದು ಒಂದೂಮುಕ್ಕಾಲು ಎಕರೆ. ವಿಸಿ (ವಿಶ್ವೇಶ್ವರಯ್ಯ) ನಾಲೆ ನೀರು. ಭತ್ತ, ಕಬ್ಬು, ಆಮೇಲೆ ಕೂಳೆ ಕಬ್ಬು, ಹೀಗೇ ಸುತ್ತು. ನಾನು ಮೈಸೂರಿನಲ್ಲಿ ಕೆಲಸ ಮಾಡೋ ಭಾನುವಾರದ ರೈತ. ಬೇಲಿ ಅಂದರೆ ತಂತಿಬೇಲಿ ಅಲ್ಲ, ತಾತನ ಕಾಲದ್ದು. ಕಳ್ಳಿ, ಲಕ್ಕಿ, ಕಾರೆ, ಎಲಚಿ ಎಲ್ಲ ಒಂದರ ಮೇಲೊಂದು ಬಿದ್ದು ಬೆಳೆದಿದ್ದವು, ನಡುವೆ ಎರಡು ಹೊಂಗೆ, ಒಂದು ಬೇವು, ಮೂಲೆಯಲ್ಲಿ ಒಂದು ಅತ್ತಿ. ಹನ್ನೆರಡು ಅಡಿ ಅಗಲ, ಇನ್ನೂರೆಪ್ಪತ್ತು ಅಡಿ ಉದ್ದ. ಹದ್ದುಬಸ್ತು ಮಾಡಿಸಿದ ದಿನ ಲೆಕ್ಕ ಹಾಕಿದೆ, ಬೇಲಿ ತೆಗೆದರೆ ಸುಮಾರು ಮೂರು ಗುಂಟೆ ಸಿಗುತ್ತೆ. ಸುಮ್ನೆ ಬಿದ್ದಿರೋ ಜಾಗ ಅಲ್ವಾ ಅಂತ.

ಮೂರು ಗಂಟೆ ಹೊತ್ತಿನಲ್ಲಿ ಎಲ್ಲ ಮುಗೀತು. ಬಕೆಟ್ ಎತ್ತಿದಾಗ ಎರಡು ಮುಂಗುಸಿ ಓಡಿದವು. ಒಂದು ಕೇರೆಹಾವು ಎರಡು ತುಂಡಾಗಿತ್ತು, ತಲೆ ಇದ್ದ ತುಂಡು ಇನ್ನೂ ಆಡುತ್ತಿತ್ತು. ಆಪರೇಟರ್ ಹುಡುಗ ಮೆಷಿನ್ ನಿಲ್ಲಿಸಿ ಕೆಳಗಿಳಿದು ಅದಕ್ಕೆ ಕೈ ಮುಗಿದ. ನಾನು ಮುಗಿಯಲಿಲ್ಲ, ಗಂಟೆ ಲೆಕ್ಕದಲ್ಲಿ ಬಾಡಿಗೆ ಓಡುತ್ತಿತ್ತಲ್ಲ.

ಅತ್ತಿ ಹೋಯಿತು. ಹೊಂಗೆ ಎರಡೂ ಹೋದವು. ಬೇವು ಮಾತ್ರ ದಪ್ಪ ಇದ್ದಿದ್ದರಿಂದ ಉರುಳಲಿಲ್ಲ, ಆದರೆ ಒಂದು ಕಡೆಯ ಬೇರೆಲ್ಲ ಹರಿದು ಮುಂದಿನ ವರ್ಷ ನಿಂತಲ್ಲೇ ಒಣಗಿತು.

ಆಮೇಲೆ ಮೂರು ಗುಂಟೆಯಲ್ಲಿ ಕಬ್ಬು ಬಂತು, ಇಲ್ಲ ಅನ್ನಲ್ಲ. ಜೊತೆಗೆ ಇಲಿಯೂ ಬಂತು. ಬುಡದಲ್ಲೇ ಕಡಿದು ಹಾಕುತ್ತಿದ್ದವು, ಭತ್ತ ಹಾಕಿದ ವರ್ಷ ಹಾಲುಗಾಳು ಕಟ್ಟೋ ಹೊತ್ತಿಗೆ ಗದ್ದೆ ನಡುವೆ ಚಾಪೆ ಹಾಸಿದ ಹಾಗೆ ಮಲಗಿಸಿಬಿಟ್ಟವು. ಬೇರಿನ ಹಿಡಿತ ತಪ್ಪಿದ ಬದು ಎರಡು ಮಳೆಗಾಲದಲ್ಲಿ ಎರಡು ಸಲ ಕುಸಿದು ಕೆಳಗಿನವರ ಗದ್ದೆಗೆ ಮಣ್ಣು ಹೋಗಿ ಜಗಳ ಬೇರೆ. ಮೂರು ಗುಂಟೆಯ ಆದಾಯವನ್ನು ಇಲಿಪಾಷಾಣ, ಕೂಲಿ, ಪಂಚಾಯ್ತಿ ಕಾಫಿ ಇಷ್ಟರಲ್ಲೇ ಕಳೆದೆ.

ನಮ್ಮ ದೊಡ್ಡಪ್ಪ ಒಂದು ಮಾತು ಕೇಳಿದರು. "ಹೊಂಗೆ ಯಾಕ್ ಬದದ ಮೇಲೆ ಇತ್ತು ಅಂತ ಗೊತ್ತೇನ್ಲಾ ನಿಂಗೆ?" ಗೊತ್ತಿರಲಿಲ್ಲ. ಯೂರಿಯಾ ಮೂಟೆ ಬರೋಕೆ ಮುಂಚೆ ನಾಟಿಗೆ ಮೊದಲು ಹೊಂಗೆ ಸೊಪ್ಪು ಕಡಿದು ಕೆಸರಿಗೆ ಹಾಕಿ ತುಳಿಸುತ್ತಿದ್ದರು, ಅದೇ ಗೊಬ್ಬರ. ದ್ವಿದಳ ಜಾತಿಯ ಮರ, ಬೇರಿನ ಗಂಟುಗಳಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ, ಅದಕ್ಕೇ ಸೊಪ್ಪಿಗೆ ಅಷ್ಟು ಸತ್ವ. ಅಂದರೆ ನಮ್ಮ ಹಿರಿಯರು ಹಕ್ಕಿಗೋಸ್ಕರ ಮರ ಬಿಟ್ಟಿದ್ದಲ್ಲ. ಸೊಪ್ಪಿಗೆ, ಸೌದೆಗೆ, ನೇಗಿಲಿಗೆ ಬಿಟ್ಟರು, ಹಕ್ಕಿ ಪುಕ್ಕಟೆ ಬಂತು. ಸೊಪ್ಪು ಬೇಡವಾಯಿತು, ನೇಗಿಲು ಬೇಡವಾಯಿತು, ಮರ ಹೋಯಿತು. ಅತ್ತ ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬೇಯಿಸೋ ಬ್ಯಾರನ್‌ಗಳಿಗೆ ಸೌದೆ ಬೇಕು, ಇತ್ತ ನಮ್ಮ ಕಡೆ ಇಟ್ಟಿಗೆ ಗೂಡಿಗೆ ಬೇಕು. ಬದದ ಮೇಲಿನ ಮರಕ್ಕೆ ಗಿರಾಕಿ ಮನೆ ಬಾಗಿಲಿಗೇ ಬರುತ್ತಾನೆ.

ಒಣಗಿದ ಬೇವನ್ನೂ ಕೊಟ್ಟುಬಿಡಬೇಕಿತ್ತು. ಬೆಲೆ ಕುದುರಲಿಲ್ಲ, ಹಾಗೇ ಉಳೀತು. ನನ್ನ ಬುದ್ಧಿವಂತಿಕೆ ಏನೂ ಇಲ್ಲ ಅದರಲ್ಲಿ.

ಮೊದಲು ಮರಕುಟಿಗ ಬಂತು. ಬೆನ್ನು ಚಿನ್ನದ ಬಣ್ಣ, ತಲೆ ಮೇಲೆ ಕೆಂಪು ಜುಟ್ಟು. ಒಣ ಕೊಂಬೆಯ ಕೆಳಭಾಗದಲ್ಲಿ ಕೊರೆಯೋಕೆ ಶುರು ಮಾಡಿ, ಕೆಳಗೆ ನೆಲದ ಮೇಲೆ ಬಡಗಿ ಅಂಗಡಿ ಥರ ಹೊಟ್ಟು. ಅದು ಮರಿ ಮಾಡಿಕೊಂಡು ಹೋದ ಮೇಲೆ ಆ ತೂತು ಖಾಲಿ ಇರಲಿಲ್ಲ. ಗಿಳಿ ಇಣುಕಿ ನೋಡಿತು, ಗೊರವಂಕಕ್ಕೂ ಅದಕ್ಕೂ ಎರಡು ವಾರ ಜಗಳ. ಕೊನೆಗೆ ಹಾಲಕ್ಕಿ, ಅಂದರೆ ಸಣ್ಣ ಗೂಬೆ, ಜೋಡಿ ಸೇರಿಕೊಂಡಿತು. ತೂತು ಕೊರೆಯೋ ಹಕ್ಕಿಗಳು ಕೆಲವೇ, ಮರಕುಟಿಗ, ಕುಟ್ರು ಅಷ್ಟೇ. ಹಾಲಕ್ಕಿ, ಗಿಳಿ, ಗೊರವಂಕ, ಮಡಿವಾಳ, ಇವಕ್ಕೆ ಕೊರೆಯೋ ಕೊಕ್ಕಿಲ್ಲ, ಇನ್ನೊಬ್ಬರು ಕಟ್ಟಿ ಬಿಟ್ಟ ಮನೆಗೇ ಬರಬೇಕು. ಒಂದು ಒಣಮರ ಕಡಿದರೆ ಇಷ್ಟೂ ಬಾಡಿಗೆದಾರರು ಬೀದಿಗೆ.

ಹಾಲಕ್ಕಿ ನುಡಿದರೆ ಶಕುನ ಅಂತ ಮನೆಯಲ್ಲಿ ಗಾಬರಿ. ನಾನು ಒಂದು ಭಾನುವಾರ ಮರದ ಬುಡದಲ್ಲಿ ಬಿದ್ದಿದ್ದ ಅದರ ಉಂಡೆಗಳನ್ನು ಆರಿಸಿಕೊಂಡು ಬಂದೆ. ಗೂಬೆ ಜಾತಿ ನುಂಗಿದ್ದರಲ್ಲಿ ಅರಗದ ಕೂದಲು, ಮೂಳೆಯನ್ನು ಉಂಡೆ ಕಟ್ಟಿ ಬಾಯಿಂದಲೇ ಕಕ್ಕುತ್ತದೆ. ತಟ್ಟೆಯಲ್ಲಿ ನೀರು ಹಾಕಿ ಬಿಡಿಸಿದರೆ ಜೀರುಂಡೆಯ ರೆಕ್ಕೆ, ಮಿಡತೆ ಕಾಲು, ಇಲಿಮರಿಯ ದವಡೆ, ಎರಡು ಹಳದಿ ಬಾಚಿಹಲ್ಲು ಹಾಗೇ ಇದ್ದವು. ಅಮ್ಮನಿಗೆ ತೋರಿಸಿದೆ. ಆ ತಟ್ಟೆಯನ್ನು ಮತ್ತೆ ಅಡುಗೆಮನೆಗೆ ತರಬೇಡ ಅಂದರು, ಆದರೆ ಶಕುನದ ಮಾತು ನಿಂತಿತು.

ಆಗ ನನಗೆ ಹೊಳೆದದ್ದು ಇಷ್ಟು. ಪ್ರತಿವರ್ಷ ಜೂನ್ 5ಕ್ಕೆ ನಾವು ಗಿಡ ನೆಡುತ್ತೇವೆ, ಫೋಟೋ ತೆಗೆಸುತ್ತೇವೆ. ಅದೇ ತಿಂಗಳು ಅದೇ ಊರಲ್ಲಿ ನೂರು ವರ್ಷದ ಹುಣಸೆ ಕಡಿದರೆ ಯಾರೂ ಮಾತಾಡಲ್ಲ. ಸಸಿ ನೆಡೋದು ತಪ್ಪಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಕಡಿಮೆ ಬೆಲೆಗೆ ಸಸಿ ಸಿಗುತ್ತೆ, ಬದುಕಿ ಉಳಿದ ಒಂದೊಂದು ಸಸಿಗೆ ಮೂರು ವರ್ಷದಲ್ಲಿ 35, 40, 50 ಅಂತ ಒಟ್ಟು 125 ರೂಪಾಯಿ ಕೊಡ್ತಾರೆ. ನೆಟ್ಟಿದ್ದಕ್ಕಲ್ಲ, ಉಳಿಸಿಕೊಂಡಿದ್ದಕ್ಕೆ ದುಡ್ಡು, ಅದು ನನಗೆ ಇಷ್ಟ. ಆದರೆ ನಮ್ಮವರು ಒಯ್ಯೋದು ತೇಗ, ಮಹಾಗನಿ. ನೆಟ್ಟಗೆ ಬೆಳೆದು ನೆಟ್ಟಗೆ ಲಾರಿ ಹತ್ತೋ ಮರಗಳು. ಅವು ಪೊಟರೆ ಬಿಡೋ ವಯಸ್ಸಿಗೆ ಬರೋದೇ ಇಲ್ಲ. ಇರೋ ಹಳೇ ಮರ ಉಳಿಸಿಕೊಂಡ ರೈತನಿಗೂ ಏನಾದರೂ ಕೊಟ್ಟಿದ್ದರೆ ನಮ್ಮ ಅತ್ತಿ ಇವತ್ತೂ ಇರುತ್ತಿತ್ತೋ ಏನೋ.

ಇದಕ್ಕೆ ದೂರ ಹೋಗಬೇಕಿಲ್ಲ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರೇ ಇದೆ. ಶಿಂಷಾ ದಂಡೆಯ ಮಾಮೂಲಿ ಊರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಕಾಡಿನಲ್ಲಲ್ಲ, ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಕ್ಕಿ ಬಂದರೆ ಮಳೆ ಬೆಳೆ ಚೆನ್ನಾಗಿ ಆಗುತ್ತೆ ಅನ್ನೋ ನಂಬಿಕೆ, ಜೊತೆಗೆ ಮರದ ಕೆಳಗೆ ಬಿದ್ದ ಹಿಕ್ಕೆ ಗದ್ದೆಗೆ ಗೊಬ್ಬರ. 2007ರಲ್ಲಿ ಅದನ್ನು ಸಮುದಾಯ ಮೀಸಲು ಅಂತ ಘೋಷಿಸಿದರು, ಅಂದರೆ ಜಮೀನು ಊರವರದ್ದೇ. ಹಕ್ಕಿ ಕೂತ ಹುಣಸೆಯಲ್ಲಿ ಫಸಲು ಹೋಗುತ್ತೆ, ಅದಕ್ಕೆ ಮರದ ಮಾಲೀಕರಿಗೆ ಇಲಾಖೆ ಪರಿಹಾರ ಕೊಡುತ್ತಾ ಬಂದಿದೆ. ಬೇಸಿಗೆಗೆ ಮುಂಚೆ ಒಮ್ಮೆ ಹೋಗಿ ನಿಂತು ನೋಡಿ, ವಾಸನೆಗೆ ಮೂಗು ಮುಚ್ಚಿಕೊಳ್ಳೋದು ನಾವು ಮಾತ್ರ, ಮರದಡಿ ಕೂತು ಅವರೆಕಾಯಿ ಬಿಡಿಸೋ ಅಜ್ಜಿಗೆ ಅದು ಲೆಕ್ಕಕ್ಕೇ ಇಲ್ಲ.

ನನ್ನ ಬೇಲಿಗೆ ಬರುತ್ತೇನೆ. 2019ರಲ್ಲಿ ಮತ್ತೆ ಹತ್ತು ಅಡಿ ಬಿಟ್ಟೆ. ಸಸಿ ತಂದದ್ದು ಕಡಿಮೆ. ಮಾಡಿದ್ದು ಮೂರೇ ಕೆಲಸ: ಆಡು ನುಗ್ಗದ ಹಾಗೆ ಜಾಲಿ ಮುಳ್ಳು ಕವುಚಿದೆ, ಉಳುಮೆ ನಿಲ್ಲಿಸಿದೆ, ಇಪ್ಪತ್ತು ಅಡಿಗೊಂದು ಬಿದಿರಿನ ಗಳ ನೆಟ್ಟೆ. ಗಳದ ಮೇಲೆ ಕಾಜಾಣ ಕೂರುತ್ತೆ, ಪಿಕಳಾರ ಕೂರುತ್ತೆ. ಹಣ್ಣು ತಿಂದ ಹಕ್ಕಿ ಕೂತಲ್ಲೇ ಬೀಜ ಬಿಡುತ್ತೆ, ಗೊಬ್ಬರದ ಸಮೇತ. ಎರಡನೇ ವರ್ಷಕ್ಕೆ ಗಳಗಳ ಬುಡದಲ್ಲಿ ಬೇವು, ಎಲಚಿ, ಒಂದು ನೇರಳೆ, ಮತ್ತೆ ಕರೆಯದೇ ಬಂದ ಲಂಟಾನ. ಲಂಟಾನವನ್ನು ಒಂದೇ ಸಲ ಕಿತ್ತರೆ ಸೇರಿಕೊಂಡಿದ್ದ ಗೌಜಲಹಕ್ಕಿಗೆ ಮರೆ ಇರಲ್ಲ, ಅದಕ್ಕೆ ಬೇರೆ ಗಿಡ ಎದೆಯೆತ್ತರ ಆದ ಕಡೆ ಮಾತ್ರ ಕೀಳುತ್ತಾ ಬಂದೆ. ಇನ್ನೂ ಮುಗಿದಿಲ್ಲ, ನನ್ನ ಜೀವಮಾನದಲ್ಲಿ ಮುಗಿಯುವ ಹಾಗೂ ಕಾಣಲ್ಲ.

ಮೂಲೆಗೆ ಮಾತ್ರ ಅತ್ತಿ ಸಸಿಯನ್ನೇ ತಂದು ಹಾಕಿದೆ. ಅತ್ತಿ, ಆಲ, ಅರಳಿ, ಗೋಣಿ ಇವೆಲ್ಲ ಒಂದೇ ಕುಲ, ಒಂದೊಂದಕ್ಕೂ ಅದರದೇ ಸಣ್ಣ ಕಣಜ ಇದೆ. ಆ ಕಣಜ ಕಾಯೊಳಗೆ ಹೋಗಿ ಪರಾಗ ಮುಟ್ಟಿಸದೇ ಇದ್ದರೆ ಬೀಜ ಆಗಲ್ಲ. ಕಣಜದ ಆಯಸ್ಸು ಒಂದೆರಡು ದಿನ, ಹಾಗಾಗಿ ಸುತ್ತಮುತ್ತ ಯಾವುದಾದರೂ ಒಂದು ಮರ ಸದಾ ಕಾಯಿ ಬಿಡುತ್ತಲೇ ಇರಬೇಕು. ಬೇರೆ ಮರದಲ್ಲಿ ಏನೂ ಇಲ್ಲದ ತಿಂಗಳಲ್ಲೂ ಬಾವಲಿ, ಕುಟ್ರು, ಕೋಗಿಲೆ, ಮಂಗಟ್ಟೆ ಹೊಟ್ಟೆ ಹೊರೆಯೋದು ಇದರಿಂದಲೇ. ಅದನ್ನು ನಾನು ನಲವತ್ತು ನಿಮಿಷದಲ್ಲಿ ಉರುಳಿಸಿದ್ದೆ.

ಎಲ್ಲರಿಗೂ ಖುಷಿ ಇದೆ ಅಂದುಕೊಳ್ಳಬೇಡಿ. ಪಕ್ಕದ ಗದ್ದೆಯವರು, ನನಗೆ ವರಸೆಯಲ್ಲಿ ಮಾವ ಆಗಬೇಕು, ನಾಲ್ಕು ಜನರ ಎದುರಿಗೇ ಕೇಳಿದರು, "ಗದ್ದೇಲಿ ಕಾಡು ಸಾಕ್ತಾ ಇದ್ದೀಯಲ್ಲ ಮಗ, ನಾಳೆ ಚಿರ್ತೆ ಬಂದ್ರೆ ನಿಮ್ಮಪ್ಪ ಕಟ್ಟಾಕ್ತಾನ?" ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆ, 2023ರ ಶುರುವಿನಲ್ಲಿ ಚಿರತೆ ಮನುಷ್ಯರನ್ನೇ ಕೊಂದದ್ದು ಯಾರೂ ಮರೆತಿಲ್ಲ, ಆ ಭಯವನ್ನು ಲೇವಡಿ ಮಾಡೋಕಾಗಲ್ಲ. ಆದರೆ ಚಿರತೆಗೆ ನನ್ನ ಹತ್ತು ಅಡಿ ಬೇಲಿ ಯಾಕೆ, ಸುತ್ತ ಎಕರೆಗಟ್ಟಲೆ ಕಬ್ಬಿದೆ. ಆಳೆತ್ತರ, ವರ್ಷವಿಡೀ ತಂಪು, ಊರ ನಾಯಿಗಳು ಕೈಗೆಟುಕೋ ದೂರದಲ್ಲಿ.

ಹೋದ ವರ್ಷ ಅವರದೇ ಕಬ್ಬು ಕಡಿಯುವಾಗ ಕೂಗು ಎದ್ದಿತು, ಚಿರತೆ ಮರಿ ಅಂತ. ಬಳ್ಳಾರಿ ಕಡೆಯಿಂದ ಬಂದಿದ್ದ ಕಡಿಯೋರು ಮಚ್ಚು ಹಿಡಿದೇ ಹಿಂದೆ ಸರಿದಿದ್ದರು. ತರಗಿನ ಮೇಲೆ ಮೂರು ಮರಿ, ಅಂಗೈಗಿಂತ ಸ್ವಲ್ಪ ದೊಡ್ಡವು, ಕಣ್ಣು ಆಗಷ್ಟೇ ಬಿಟ್ಟಿತ್ತು. ಮೈಮೇಲೆ ಹೂವಿನಂಥ ಚುಕ್ಕೆ ಇಲ್ಲ, ಬೂದು ಕಂದು ಮೈಗೆ ಮಸುಕು ಪಟ್ಟೆ. ಕಾಡುಬೆಕ್ಕಿನ ಮರಿಗಳು. ಹುಟ್ಟುವಾಗ ಪಟ್ಟೆ ಇರುತ್ತೆ, ಬೆಳೆಯುತ್ತಾ ಮಾಸುತ್ತೆ, ಅದಕ್ಕೇ ಎಲ್ಲ ಕಡೆ ಈ ಗೊಂದಲ. ಒಬ್ಬ ಹುಡುಗ ಎತ್ತಿಕೊಂಡು ಸೆಲ್ಫಿಗೆ ನಿಂತಾಗಲೇ ಹಾಲು ಕುಡಿಸೋಣ, ಝೂಗೆ ಕೊಡೋಣ ಅಂತ ಸಲಹೆಗಳು ಶುರು. ಬೇಡ, ಇದ್ದಲ್ಲೇ ಬಿಡಿ, ತಾಯಿ ಹತ್ತಿರದಲ್ಲೇ ಇರುತ್ತೆ ಅಂತ ಬೇಡಿಕೊಂಡೆ. ಮಾವ ಬೈದುಕೊಂಡೇ ಆ ಹತ್ತು ಸಾಲು ಬಿಟ್ಟು ಬೇರೆ ಕಡೆಯಿಂದ ಕಡಿಸಿದರು, ತರಗಿಗೆ ಬೆಂಕಿಯನ್ನೂ ಹಾಕಿಸಲಿಲ್ಲ. ಬೆಳಗ್ಗೆ ನೋಡಿದರೆ ಮರಿಗಳಿಲ್ಲ. ಬದದ ಹಸಿ ಮಣ್ಣಿನ ಮೇಲೆ ಬೆಕ್ಕಿನ ಹೆಜ್ಜೆ, ಹೋಗಿ ಬಂದು ಹೋಗಿ ಬಂದು, ನನ್ನ ಬೇಲಿಯ ಲಕ್ಕಿಗಿಡದ ಬುಡದವರೆಗೂ.

ಮಾವ ಅದನ್ನು ನೋಡಿ ಏನೂ ಅನ್ನಲಿಲ್ಲ. ನೆರಳಿಂದ ಅವರ ಎರಡು ಸಾಲು ಕಬ್ಬು ಸೊರಗುತ್ತೆ ಅನ್ನೋ ತಕರಾರು ಈಗಲೂ ಇದೆ, ನ್ಯಾಯವೇ. ಬೇಲಿಯ ಕೊಂಬೆ ಆ ಕಡೆ ಚಾಚಿದ್ದನ್ನು ವರ್ಷಕ್ಕೊಮ್ಮೆ ಸವರಿಸಿ ಸೊಪ್ಪನ್ನು ಅವರ ಗದ್ದೆಗೇ ಹಾಕಿಸುತ್ತೇನೆ. ನವಿಲು ಕಾಳು ಹೆಕ್ಕೋದಕ್ಕೆ, ಕಾಡುಹಂದಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಈಗ ಒಂದು ಸಹಾಯ ಬೇಕು. ಬೇಲಿಯ ನಡುವೆ ಎರಡು ಇಪ್ಪೆ ಹಾಕೋ ಆಸೆ. ಹಿಂದೆ ಊರ ಗುಂಡುತೋಪಿನಲ್ಲಿ ಇಪ್ಪೆ ಇದ್ದವಂತೆ, ಹೂ ಬಿಟ್ಟಾಗ ಬಾವಲಿಗಳ ಜಾತ್ರೆ, ಈಗ ಅಲ್ಲಿ ಸಮುದಾಯ ಭವನ. ಇಪ್ಪೆ ಬೀಜ ಇಟ್ಟುಕೊಂಡರೆ ಸಾಯುತ್ತೆ, ಮಳೆಗಾಲದ ಶುರುವಿಗೆ ಬಿದ್ದ ಬೀಜವನ್ನು ಕೆಲವೇ ದಿನದಲ್ಲಿ ಮಣ್ಣಿಗೆ ಹಾಕಬೇಕು. ಮಂಡ್ಯ, ನಾಗಮಂಗಲ, ಕೆ.ಆರ್. ಪೇಟೆ ಕಡೆ ಯಾರ ಊರಲ್ಲಾದರೂ ಹಳೇ ಇಪ್ಪೆ ಮರ ಇದ್ದರೆ ತಿಳಿಸಿ. ಭಾನುವಾರ ಬೆಳಗ್ಗೆ ನಾನೇ ಚೀಲ ತಗೊಂಡು ಬರುತ್ತೇನೆ.