ಒಂದೇ ಸಾಲಿನಲ್ಲಿ ಬರೆದ ಮುನ್ನೋಟ

ಈ ದಿನಗಳಲ್ಲಿ ಪುಣೆಯಲ್ಲಿ ರಾತ್ರಿ ಒಂಬತ್ತೂವರೆ ಆದಾಗ ಲಾಸ್ ಏಂಜಲೀಸ್‌ನಲ್ಲಿ ಬೆಳಿಗ್ಗೆ ಒಂಬತ್ತು. ಬಾಣೇರ್‌ನ ಆಫೀಸಿನಲ್ಲಿ ನನ್ನ ಪಾಳಿ ಶುರುವಾಗುವುದು ಆಗಲೇ. ಹೊರದೇಶದ ಕಂಪನಿಗಳಿಗೆ ಹವಾಮಾನದ ಮುನ್ನೋಟ ಬರೆದು ಕೊಡುವುದು ನನ್ನ ಕೆಲಸ. ನನ್ನ ಪಾಲಿಗೆ ಬಂದಿರುವುದು ದಕ್ಷಿಣ ಕ್ಯಾಲಿಫೋರ್ನಿಯಾ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಮಾರ್ಚ್‌ನಿಂದ ಮೇವರೆಗಿನ ಮುನ್ನೋಟ ಬರೆದೆ. ಅಲ್ಲಿ ಅದು ವಸಂತ ಕಾಲ. ನಕ್ಷೆಯಲ್ಲಿ ಇಡೀ ಪ್ರದೇಶಕ್ಕೆ ಕಿತ್ತಳೆ ಬಣ್ಣ ಬಳಿದಿತ್ತು. "ಈ ಸಲ ವಾಡಿಕೆಗಿಂತ ಜಾಸ್ತಿ ಬಿಸಿಲು ಇರುತ್ತದೆ" ಎಂದು ಒಂದೇ ಸಾಲಿನಲ್ಲಿ ಬರೆದು ಕಳಿಸಿದೆ.

ಅದನ್ನು ಓದಿದ ಗ್ರಾಹಕರು ಮದುವೆಗಳಿಗೆ ಶಾಮಿಯಾನ, ಕೂಲರ್ ಬಾಡಿಗೆಗೆ ಕೊಡುವವರು. ಮೇ ತಿಂಗಳಲ್ಲಿ ಕಡಲ ದಂಡೆಯ ಒಂದು ಮದುವೆಗೆ ಕೂಲರ್‌ಗಳನ್ನು ಸಾಲಾಗಿ ಇಟ್ಟರು. ಆವತ್ತು ಸೂರ್ಯನೇ ಕಾಣಲಿಲ್ಲ. ಸಣ್ಣ ತುಂತುರು ಬೇರೆ. ಬಂದವರು ಸ್ವೆಟರ್ ಹಾಕಿಕೊಂಡು ಕೂತಿದ್ದರಂತೆ. ಅದೇ ವಾರ ಮರುಭೂಮಿ ಕಡೆ, ಪಾಮ್ ಸ್ಪ್ರಿಂಗ್ಸ್ ಹತ್ತಿರ, ಅವರ ಶಾಮಿಯಾನ ಗಾಳಿಗೆ ಕಿತ್ತು ಹೋಯಿತು. ಆ ಕಂಪನಿಯ ಮೇಡಂ ಫೋನ್‌ನಲ್ಲಿ ಕೂಗಾಡಲಿಲ್ಲ. "ನಿಮ್ಮ ಮಾತು ನಂಬಿದ್ದೆವು" ಎಂದರು, ಅಷ್ಟೇ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ನಮ್ಮಲ್ಲಿ ಬೆಳಗಾವಿ ಕಡೆಯ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಕಾಕಾ ಎನ್ನುತ್ತೇವೆ. ನನ್ನ ಬರಹ ಓದಿ ಕೇಳಿದರು, "ತಮ್ಮಾ, ಮಹಾಬಳೇಶ್ವರಕ್ಕೂ ವಾಯಿಗೂ ಒಂದೇ ಮಳಿ ಲೆಕ್ಕ ಬರಿತಿಯೇನು?"

ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,500 ಮಿಲಿಮೀಟರ್‌ಗೂ ಹೆಚ್ಚು ಮಳೆ. ಘಟ್ಟ ಇಳಿದು ವಾಯಿಗೆ ಬಂದರೆ ಅದರ ಸಣ್ಣ ಪಾಲು ಮಾತ್ರ. ನಾವು ಪುಣೆಯವರು ಘಟ್ಟ ಮಳೆ ತಡೆಯುವ ಮಳೆನೆರಳಿನಲ್ಲೇ ಬದುಕುವವರು. ಗೊತ್ತಿದ್ದೂ ಕ್ಯಾಲಿಫೋರ್ನಿಯಾದ ಬೆಟ್ಟವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅಲ್ಲಿನ ಕಡಲು ನಮ್ಮ ಗೋವಾದ ಕಡಲಿನ ಹಾಗಲ್ಲ. ಉತ್ತರದಿಂದ ತಣ್ಣನೆಯ ಪ್ರವಾಹ ಬರುತ್ತದೆ. ವಸಂತದ ಗಾಳಿಗೆ ಆಳದ ತಣ್ಣೀರೂ ಮೇಲೆ ಬರುತ್ತದೆ. ನೀರಿನ ಮೇಲಿನ ಗಾಳಿ ತಣ್ಣಗಾಗಿ ಮೋಡ ಕಟ್ಟುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂತಿರುವುದರಿಂದ ಮೋಡ ಮೇಲೇಳುವುದಿಲ್ಲ. ಒಳನಾಡಿನ ಮರುಭೂಮಿ ಕಾದಂತೆ ಈ ತಂಪನ್ನು ತನ್ನ ಕಡೆ ಎಳೆಯುತ್ತದೆ. ಅಲ್ಲಿನವರು ಇದಕ್ಕೆ ಮೇ ಗ್ರೇ, ಜೂನ್ ಗ್ಲೂಮ್ ಎಂದು ಹೆಸರೇ ಇಟ್ಟಿದ್ದಾರೆ. ಮರುಭೂಮಿ ಸುಡುವಾಗ ದಂಡೆಯಲ್ಲಿ ಚಳಿ ಇರಬಹುದು ಎಂದು ನನಗೆ ಹೊಳೆದಿರಲೇ ಇಲ್ಲ.

ಶಾಮಿಯಾನ ಕಿತ್ತದ್ದೂ ಇದೇ ಗಾಳಿ. ಸ್ಯಾನ್ ಗೊರ್ಗೋನಿಯೊ, ಸ್ಯಾನ್ ಹಸಿಂಟೊ ಬೆಟ್ಟಗಳ ನಡುವೆ ಒಂದು ಕಣಿವೆದಾರಿ ಇದೆ. ಕಡಲ ಗಾಳಿ ಆ ಸಂದಿಯಲ್ಲಿ ನುಗ್ಗಿ ಮರುಭೂಮಿಗೆ ಬೀಳುತ್ತದೆ. ಸುಮ್ನೆ ಅಲ್ಲ ಅಲ್ಲಿ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿರುವುದು. ಸ್ಯಾನ್ ಹಸಿಂಟೊ ಎತ್ತರ ಸುಮಾರು 3,300 ಮೀಟರ್. ಬುಡದ ಪಾಮ್ ಸ್ಪ್ರಿಂಗ್ಸ್ 150 ಮೀಟರ್ ಕೂಡ ಇಲ್ಲ. ಏಪ್ರಿಲ್‌ನಲ್ಲಿ ಕೆಳಗೆ ಜನ ಈಜುತ್ತಿರುತ್ತಾರೆ, ತುದಿಯಲ್ಲಿ ಹಿಮ.

ಇನ್ನೊಂದು ತಪ್ಪು "ಇರುತ್ತದೆ" ಎಂಬ ಪದದ್ದು. ಮೂರು ತಿಂಗಳ ಮುನ್ನೋಟದಲ್ಲಿ ವಾಡಿಕೆಗಿಂತ ಜಾಸ್ತಿ, ವಾಡಿಕೆಯಷ್ಟು, ಕಡಿಮೆ ಎಂದು ಮೂರು ಪಾಲು. ಯಾವ ಸುಳಿವೂ ಇಲ್ಲದಿದ್ದರೆ ಒಂದೊಂದಕ್ಕೆ ಶೇಕಡ 33. ಒಂದು ಪಾಲು ಶೇಕಡ 45ಕ್ಕೆ ಏರಿದರೆ ಅದು ಒಳ್ಳೆಯ ಸುಳಿವೇ. ಆದರೆ ಬಾಕಿ 55 ಎಲ್ಲಿ ಹೋಯಿತು? 2015-16ರಲ್ಲಿ ಎಲ್ ನಿನೊ, ಅಂದರೆ ಪೆಸಿಫಿಕ್ ಕಡಲ ನೀರು ವಾಡಿಕೆಗಿಂತ ಬಿಸಿಯಾಗುವುದು, ಬಹಳ ಜೋರಾಗಿತ್ತು. ಲಾಸ್ ಏಂಜಲೀಸ್‌ಗೆ ಭಾರೀ ಮಳೆ ಎಂದು ಎಲ್ಲರೂ ಕಾದರು. ಬಂದದ್ದು ವಾಡಿಕೆಗಿಂತ ಕಡಿಮೆ.

ಈಗ ದಂಡೆ, ಬೆಟ್ಟ, ಮರುಭೂಮಿ ಎಂದು ಮೂರು ಭಾಗ ಮಾಡಿ ಬರೆಯುತ್ತೇನೆ. ಬರೆಯುವ ಮೊದಲು ಗ್ರಾಹಕರ ಕೆಲಸದವರು ಯಾವ ಜಾಗದಲ್ಲಿ, ಎಷ್ಟು ಹೊತ್ತಿಗೆ ನಿಂತಿರುತ್ತಾರೆ ಎಂದು ಕೇಳುತ್ತೇನೆ. ರಾತ್ರಿ ಮೊದಲು ತೆರೆಯುವುದು ಉಪಗ್ರಹದ ಚಿತ್ರ. ಬಿಳಿ ಮೋಡ ಸ್ಯಾನ್ ಗೇಬ್ರಿಯಲ್ ಬೆಟ್ಟದ ಬುಡಕ್ಕೆ ಬಂದು ನಿಂತಿರುತ್ತದೆ, ತಟ್ಟೆಗೆ ಸುರಿದ ಹಾಲು ಅಂಚಿಗೆ ನಿಂತ ಹಾಗೆ. ನಮ್ಮ ಮಧ್ಯರಾತ್ರಿ ಹೊತ್ತಿಗೆ ಒಳನಾಡಿನ ಅಂಚು ಕರಗಲು ಶುರುವಾಗುತ್ತದೆ. ಕೆಲವು ದಿನ ದಂಡೆಯಲ್ಲಿ ಕರಗುವುದೇ ಇಲ್ಲ.

ಆ ಮೇಡಂ ನಮ್ಮನ್ನು ಬಿಟ್ಟು ಹೋಗಲಿಲ್ಲ. ಹೋದ ವಾರ ಫೋನ್ ಮಾಡಿದ್ದರು. ದಂಡೆಯ ಮದುವೆಯನ್ನು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡಕ್ಕೆ ತಳ್ಳಿದರೆ ಬಿಸಿಲು ಸಿಗಬಹುದಾ ಎಂದು ಕೇಳಿದರು.